ಗಡಸು ನೀರಿನಲ್ಲಿ ಬಿಳಿ ಮೇಲುಹಾಸುಗಳನ್ನು ಒಗೆಯುವ ಕ್ರಮ

ಹಾಸಿಗೆಯ ಮೇಲೆ ಹಾಸುವ ಬಿಳಿ ಹತ್ತಿಬಟ್ಟೆ ಹೊಸದಿದ್ದಾಗ ಮಲ್ಲಿಗೆಯಂತಿರುತ್ತದೆ. ಹತ್ತಾರು ಸಲ ಒಗೆಯುವಷ್ಟರಲ್ಲಿ ಮಾಸಲು ಬಣ್ಣಕ್ಕೆ ತಿರುಗಿ ಒರಟಾಗುತ್ತದೆ. ಬಯಲುಸೀಮೆಯ ಅನೇಕ ಮನೆಗಳಲ್ಲಿ ಈ ದೂರು ಇದೆ. ಇದಕ್ಕೆ ಕೆಲವರು ಸಾಬೂನು ಬದಲಿಸುತ್ತಾರೆ, ಕೆಲವರು ಕಲ್ಲಿಗೆ ಜೋರಾಗಿ ಬಡಿಯುತ್ತಾರೆ, ಮತ್ತೆ ಕೆಲವರು ಬ್ಲೀಚಿಂಗ್ ಪುಡಿ ಸುರಿಯುತ್ತಾರೆ. ಆದರೆ ಬಹುಮಟ್ಟಿಗೆ ದೋಷವಿರುವುದು ಸಾಬೂನಿನಲ್ಲಲ್ಲ, ನೀರಿನಲ್ಲಿ.

ಗಡಸು ನೀರು ಎಂದರೇನು?

ಮಳೆನೀರು ಮೆದುವಾದುದು. ಅದೇ ನೀರು ಮಣ್ಣು ಮತ್ತು ಬಂಡೆಗಳ ಮೂಲಕ ಇಳಿದು ಕೊಳವೆ ಬಾವಿ ಸೇರುವಾಗ ಸುಣ್ಣ ಹಾಗೂ ಮೆಗ್ನೀಷಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಬೇಳೆ ಬೇಗ ಬೇಯದಿರುವುದು, ಹಂಡೆಯ ಒಳಮೈಗೆ ಬಿಳಿ ಪೊರೆ ಕಟ್ಟುವುದು, ಸಾಬೂನು ನೊರೆ ಬಿಡದಿರುವುದು ಇದರ ಗುರುತುಗಳು. ಈ ಲವಣಗಳು ಸಾಬೂನಿನೊಡನೆ ಕೂಡಿ ನೀರಿನಲ್ಲಿ ಕರಗದ ಜಿಡ್ಡಾದ ಗಸಿಯಾಗುತ್ತವೆ. ಗಸಿಯು ನೂಲಿನ ಎಳೆಗಳ ನಡುವೆ ಕುಳಿತು ಕೊಳೆಯನ್ನು ಹಿಡಿದಿಡುತ್ತದೆ. ಬಟ್ಟೆ ಮಾಸಲಾಗುವುದಕ್ಕೆ ಇದೇ ಮುಖ್ಯ ಕಾರಣ.

ಕುಡಿಯುವ ನೀರಿಗೆ ಭಾರತೀಯ ಮಾನಕವು ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಒಪ್ಪುತ್ತದೆ. ಬೇರೆ ನೀರಿಲ್ಲದ ಕಡೆ 600 ಮಿಲಿಗ್ರಾಂವರೆಗೆ ಸಹಿಸುತ್ತದೆ. 500 ಮಿಲಿಗ್ರಾಂ ಗಡಸುತನವಿರುವ 20 ಲೀಟರ್ ನೀರು ಸುಮಾರು 60 ಗ್ರಾಂ ಸಾಬೂನನ್ನು ನುಂಗಿದ ಮೇಲೆಯೇ ನೊರೆ ಕೊಡಲು ಮೊದಲಾಗುತ್ತದೆ. ಅಷ್ಟು ಸಾಬೂನು ಕೊಳೆ ತೆಗೆಯದೆ, ತಾನೇ ಕೊಳೆಯಾಗುತ್ತದೆ.

ನೀರನ್ನು ಮೆದು ಮಾಡುವುದು

ಅಂಥ 20 ಲೀಟರ್ ನೀರಿಗೆ ಸುಮಾರು 30 ಗ್ರಾಂ ಹರಳು ಬಟ್ಟೆಸೋಡಾ ಸಾಕು. ಹರಳಲ್ಲದ ಒಣ ಪುಡಿಯಾದರೆ 10ರಿಂದ 12 ಗ್ರಾಂ ಸಾಕಾಗುತ್ತದೆ. ಅಡುಗೆ ಸೋಡಾ ಇದಕ್ಕೆ ಬದಲಿಯಲ್ಲ. ಕಾಸ್ಟಿಕ್ ಸೋಡಾ ಚರ್ಮವನ್ನು ಸುಡುವುದರಿಂದ ಅದನ್ನು ಮುಟ್ಟಲೇಬಾರದು. ಬಟ್ಟೆಸೋಡಾವನ್ನು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ ಬಕೆಟ್ಟಿನ ನೀರಿಗೆ ಬೆರೆಸಿ ಅರ್ಧ ಗಂಟೆ ಬಿಡಬೇಕು. ಬಿಳಿ ಗಸಿ ತಳಕ್ಕಿಳಿದ ಮೇಲೆ ತಿಳಿನೀರನ್ನು ಬಗ್ಗಿಸಿಕೊಂಡು ಅದರಲ್ಲಿ ಬಟ್ಟೆ ನೆನೆಹಾಕಿ ಸಾಬೂನು ಹಚ್ಚಬೇಕು. ಮೊದಲ ಜಾಲಾಟಕ್ಕೂ ಇದೇ ನೀರು ಬೇಕು. ಸಾಬೂನು ತುಂಬಿದ ಬಟ್ಟೆಯನ್ನು ನೇರವಾಗಿ ಗಡಸು ನೀರಿಗೆ ಅದ್ದಿದರೆ ಗಸಿ ಮತ್ತೆ ಎಳೆಯಲ್ಲೇ ಹುಟ್ಟುತ್ತದೆ. ಅನಂತರ ಎರಡು ಸಲ ಸಾದಾ ನೀರಿನಲ್ಲಿ ಜಾಲಿಸಿದರಾಯಿತು. ಮಾಡಿನಿಂದ ಹಿಡಿದಿಟ್ಟ ಮಳೆನೀರಿದ್ದರೆ ಸೋಡಾದ ಅಗತ್ಯವೇ ಇಲ್ಲ.

ಕಲೆಗಳು

ರಕ್ತ, ಹಾಲಿನ ಕಲೆಗಳನ್ನು ಮೊದಲು ತಣ್ಣೀರಿನಲ್ಲಿ ತೊಳೆಯಬೇಕು. ಬಿಸಿನೀರು ಅವನ್ನು ಗಟ್ಟಿ ಮಾಡುತ್ತದೆ. ಅರಿಸಿನದ ಕಲೆ ಸಾಬೂನು ಸೋಕಿದೊಡನೆ ಕೆಂಪಾದರೆ ಗಾಬರಿ ಬೇಡ. ತೊಳೆದು ಬಿಸಿಲಿಗೆ ಹಾಕಿದರೆ ಕ್ರಮೇಣ ಮಾಸುತ್ತದೆ.

ಬ್ಲೀಚಿಂಗ್ ಪುಡಿ: ಎಚ್ಚರಿಕೆ

ಈ ಪುಡಿ ಬಣ್ಣ ತೆಗೆಯುವುದರ ಜೊತೆಗೆ ಹತ್ತಿಯ ಎಳೆಯ ಬಲವನ್ನೂ ಕುಗ್ಗಿಸುತ್ತದೆ. ಅಪರೂಪಕ್ಕೆ ಬೇಕಾದರೆ 10 ಲೀಟರ್ ನೀರಿಗೆ ಒಂದು ಸಣ್ಣ ಚಮಚದಷ್ಟು ಕದಡಿ, ತಿಳಿಯನ್ನು ಬಸಿದು, 10–15 ನಿಮಿಷ ಮಾತ್ರ ನೆನೆಸಿ ಚೆನ್ನಾಗಿ ಜಾಲಿಸಬೇಕು. ಇದರೊಡನೆ ನಿಂಬೆರಸ, ಆಮ್ಲ ಅಥವಾ ಕಕ್ಕಸು ತೊಳೆಯುವ ದ್ರವವನ್ನು ಎಂದಿಗೂ ಬೆರೆಸಬಾರದು, ವಿಷಾನಿಲ ಹೊರಡುತ್ತದೆ.

ಕೊಳವೆ ಬಾವಿಯ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಬ್ಲೀಚಿಂಗ್ ಪುಡಿ ಅದನ್ನು ತುಕ್ಕಾಗಿಸಿ ಬಟ್ಟೆಗೆ ಅಂಟಿಸುವುದರಿಂದ ಹಳದಿ ಇನ್ನೂ ಹೆಚ್ಚುತ್ತದೆ. ಅಂಥ ನೀರನ್ನು ಹಿಂದಿನ ಸಂಜೆಯೇ ಅಗಲ ಬಾಯಿಯ ಪಾತ್ರೆಯಲ್ಲಿ ತುಂಬಿಟ್ಟು, ಬೆಳಿಗ್ಗೆ ಕೆಂಪು ಗಸಿ ಕದಡದಂತೆ ಮೇಲಿನ ನೀರನ್ನು ಬಳಸಬೇಕು. ನೀಲಿ ಹಾಕುವುದು ಹಳದಿಯನ್ನು ಮರೆಮಾಡುತ್ತದೆಯೇ ಹೊರತು ಕೊಳೆ ತೆಗೆಯುವುದಿಲ್ಲ.

ಔಷಧಿ ಹೊಡೆದ ಬಟ್ಟೆ

ಕೀಟನಾಶಕ ಸಿಂಪಡಿಸಿದಾಗ ತೊಟ್ಟ ಬಟ್ಟೆಯನ್ನು ಮೇಲುಹಾಸಿನೊಡನೆ, ಮಕ್ಕಳ ಬಟ್ಟೆಯೊಡನೆ ಒಂದೇ ಬಕೆಟ್ಟಿನಲ್ಲಿ ನೆನೆಹಾಕುವ ವಾಡಿಕೆ ಕೆಲವು ಕಡೆ ಇದೆ. ಇದು ಅಪಾಯಕರ. ಒಂದು ಬಟ್ಟೆಯ ವಿಷ ಎಲ್ಲಕ್ಕೂ ಹರಡಿ, ರಾತ್ರಿಯಿಡೀ ಮೈಗೆ ತಾಗುತ್ತದೆ. ಆ ಬಟ್ಟೆಯನ್ನು ಅದೇ ದಿನ, ಕೈಚೀಲ ತೊಟ್ಟು, ಬೇರೆ ಪಾತ್ರೆಯಲ್ಲಿ ಒಗೆದು ಬೇರೆಯಾಗಿಯೇ ಒಣಗಿಸಬೇಕು. ಆ ನೀರು ಬಾವಿ, ಕೆರೆ, ಕಾಲುವೆಗೆ ಸೇರಬಾರದು. ಔಷಧಿ ಹೊಡೆದವರು ಸ್ನಾನ ಮಾಡದೆ ಹಾಸಿಗೆಯ ಮೇಲೆ ಕೂರಲೂಬಾರದು.

ಒಗೆದ ನೀರು ಎಲ್ಲಿಗೆ?

ಹಿಂದೆ ಮಡಿವಾಳರು ಬಟ್ಟೆ ಒಗೆಯಲು ಚೌಳು ಮಣ್ಣನ್ನು ತರುತ್ತಿದ್ದರು. ಅದರಲ್ಲಿ ಕೊಳೆ ಬಿಡಿಸುತ್ತಿದ್ದುದು ಸೋಡಾ ಅಂಶವೇ. ಬೆಳೆಯನ್ನು ಕೆಡಿಸುವ ಚೌಳೂ ಅದೇ. ಆದ್ದರಿಂದ ಸೋಡಾ ನೀರನ್ನು ದಿನವೂ ಒಂದೇ ಕಡೆ ಕೈತೋಟಕ್ಕೆ ಬಿಟ್ಟರೆ, ವಿಶೇಷವಾಗಿ ಎರೆಮಣ್ಣಿನಲ್ಲಿ, ನೆಲ ಬಿಗಿದು ನೀರು ಇಂಗದಂತಾಗುತ್ತದೆ. ಕೊನೆಯ ಜಾಲಾಟದ ನೀರನ್ನು ಮಾತ್ರ ಗಿಡಗಳಿಗೆ ಹಾಕುವುದು ಲೇಸು.

ಒಣಗಿಸುವುದು, ಇಡುವುದು

ಬಿಳಿ ಹತ್ತಿಗೆ ಬಿಸಿಲೇ ಒಳ್ಳೆಯ ಚೆಲುವೆ ಪುಡಿ. ಪೂರ್ತಿ ಒಣಗಿದ ಮೇಲೆಯೇ ಮಡಿಸಬೇಕು. ಮಳೆಗಾಲದಲ್ಲಿ ಹಸಿಯಾಗಿ ಮಡಿಸಿದ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಬಹುಕಾಲ ಇಡುವ ಬಟ್ಟೆಗೆ ಗಂಜಿ ಹಾಕಬಾರದು. ಗಂಜಿಯ ಆಸೆಗೆ ಹುಳುಗಳು ಬಂದು ಬಟ್ಟೆಯನ್ನು ಕತ್ತರಿಸುತ್ತವೆ.

ನೀರಿನ ಗಡಸುತನವನ್ನು ಹತ್ತಿರದ ಪ್ರಯೋಗಾಲಯದಲ್ಲಿ ಒಮ್ಮೆ ಪರೀಕ್ಷಿಸಿಕೊಂಡರೆ ಎಷ್ಟು ಸೋಡಾ ಬೇಕೆಂಬುದು ತಿಳಿಯುತ್ತದೆ. ಮೊದಲು ನೀರನ್ನು ಸರಿಪಡಿಸಿಕೊಂಡು ಆಮೇಲೆ ಸಾಬೂನು ಹಚ್ಚಿದರೆ ಸಾಬೂನಿನ ಖರ್ಚು ಇಳಿಯುತ್ತದೆ, ಬಟ್ಟೆಯ ಬಾಳಿಕೆ ಹೆಚ್ಚುತ್ತದೆ, ಒಗೆಯುವವರ ರಟ್ಟೆಗೂ ಶ್ರಮ ತಪ್ಪುತ್ತದೆ.