ಹಳೆಯ ಸೀರೆ, ಹೊಸ ಕೌದಿ: ಬಿಡುವಿನ ಕೆಲಸಕ್ಕೂ ಒಂದು ಲೆಕ್ಕವಿರಲಿ

ಕೃಷ್ಣರಾಜಪುರವೆಂದರೆ ನಮ್ಮ ಸದಸ್ಯರಿಗೆ ಇಂದು ದೂರದ ಊರೇನಲ್ಲ. 1948ರಲ್ಲಿ ಅಲ್ಲಿ ಐ.ಟಿ.ಐ. ಟೆಲಿಫೋನ್ ಕಾರ್ಖಾನೆ ಆರಂಭವಾಗಿ, ಅದರ ಸುತ್ತ ದೂರವಾಣಿನಗರ ಬೆಳೆದ ಕಾಲದಿಂದಲೂ ತೋಟದ ಮನೆಗಳ ಹುಡುಗರು ಒಬ್ಬಿಬ್ಬರು ಕೆಲಸ ಹುಡುಕಿಕೊಂಡು ಅತ್ತ ಹೋದದ್ದುಂಟು. ಈಗ ವೈಟ್‌ಫೀಲ್ಡಿನ ಕಂಪ್ಯೂಟರ್ ಕಂಪನಿಗಳ ದೆಸೆಯಿಂದ ಮಗನೋ, ಮಗಳೋ, ಅಳಿಯನೋ ಆ ಭಾಗದಲ್ಲಿ ಬಿಡಾರ ಹೂಡಿರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. 2023ರಲ್ಲಿ ಮೆಟ್ರೋ ರೈಲೂ ಬಂದಿತು. ಊರಿನಿಂದ ಹೋದ ಹಿರಿಯರಿಗೆ ಓಡಾಟ ಸ್ವಲ್ಪ ಹಗುರವಾಯಿತು.

ಇಂತಹ ಮನೆಯಲ್ಲಿ ತೊಟ್ಟಿಲು ಕಟ್ಟುವ ಹೊತ್ತು ಬಂದಿತೆಂದರೆ ಊರಿನಿಂದ ತಾಯಿಯೋ ಅತ್ತೆಯೋ ಹೊರಡುತ್ತಾರೆ. ಅವರ ಚೀಲದಲ್ಲಿ ತುಪ್ಪ, ಬಾಣಂತಿಯ ಲೇಹ್ಯ, ಕಾಯಿಸಿದ ಎಣ್ಣೆ, ಇವುಗಳ ಅಡಿಯಲ್ಲಿ ಮಡಿಸಿಟ್ಟ ಒಂದು ಕೌದಿ, ಹಳೆಯ ಪಂಚೆಯಿಂದ ಹೊಲಿದ ನಾಲ್ಕಾರು ಜಬಲ, ಒಂದು ಕುಲಾವಿ ಇದ್ದೇ ಇರುತ್ತವೆ. ಅಲ್ಲಿ ಮೂರನೆಯ ಮಹಡಿಯ ಮನೆ. ಕೊಟ್ಟಿಗೆಯಿಲ್ಲ, ಅಂಗಳವಿಲ್ಲ, ಒಣಗಿಸಲು ಅಡಿಕೆಯಿಲ್ಲ. ಕೂಸು ಮಲಗಿದ ಮೇಲೆ ಕೈಗೆ ಕೆಲಸವಿಲ್ಲ. ಆಗ ಸೂಜಿ ದಾರ ಹೊರಗೆ ಬರುತ್ತದೆ.

ನಮ್ಮ ಸದಸ್ಯರೊಬ್ಬರ ಪತ್ನಿ ಹೀಗೆ ಕೃಷ್ಣರಾಜಪುರದಲ್ಲಿ ಐದು ತಿಂಗಳು ಇದ್ದು ಬಂದರು. ಅವರು ಬಿಸಿಲು ಕಾಯಿಸುತ್ತ ಮಹಡಿಯ ಮೇಲೆ ಕೌದಿ ಹಾಸಿ ಕುಳಿತಾಗ ನೆರೆಮನೆಗಳ ಅಜ್ಜಿಯರು ಒಬ್ಬೊಬ್ಬರಾಗಿ ಬಂದು ಕೂಡಿದರಂತೆ. ಧಾರವಾಡದ ಕಡೆಯವರು ಇದು ನಮ್ಮ ಕೌದಿಯೇ ಎಂದರು. ಪುಣೆಯ ಕಡೆಯವರು ಗೋಧಡಿ ಎಂದರು. ಬಂಗಾಳದವರಿಗೆ ಅದು ಕಾಂಥಾ, ಬಿಹಾರದವರಿಗೆ ಸುಜನಿ. ಭಾಷೆ ಅರ್ಧಂಬರ್ಧ ತಿಳಿದರೂ ಹೊಲಿಗೆ ಎಲ್ಲರಿಗೂ ತಿಳಿಯಿತು. ಎಲ್ಲ ಕಡೆಯೂ ಒಂದೇ ಕ್ರಮ: ತೊಟ್ಟು ತೊಟ್ಟು ಮೆತ್ತಗಾದ ಹತ್ತಿಯ ಬಟ್ಟೆಯನ್ನು ಪದರ ಪದರವಾಗಿ ಹಾಸುವುದು, ಮೇಲಿನಿಂದ ಕೆಳಗಿನವರೆಗೆ ಸಾಲು ಹೊಲಿಗೆ ಹಾಕುವುದು.

ಕಾಫಿ, ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಹೊಲಿಗೆಯ ವಿಷಯವೇಕೆ ಎಂದು ಕೆಲವರು ಕೇಳಬಹುದು. ನಮ್ಮ ಮನೆಗಳಲ್ಲಿ ಲೆಕ್ಕಕ್ಕೆ ಸಿಗದೆ ಹೋಗುವ ದುಡಿಮೆ ಯಾವುದಾದರೂ ಇದ್ದರೆ ಅದು ಇದು. ಸಹಕಾರ ಸಂಘ ಹುಟ್ಟಿದ್ದೇ ನಮ್ಮ ಬೆಳೆಯ ತೂಕ ಮತ್ತು ಬೆಲೆಯನ್ನು ನಾವೇ ತಿಳಿದುಕೊಳ್ಳಬೇಕೆಂಬ ಹಟದಿಂದ. ಅದೇ ದೃಷ್ಟಿಯನ್ನು ಒಮ್ಮೆ ಕೌದಿಯ ಕಡೆಗೂ ಹರಿಸುವುದು ತಪ್ಪಲ್ಲ.

ಹತ್ತು ಸಾವಿರ ಹೊಲಿಗೆ

ಐದೂವರೆ ಮೀಟರಿನ ಸೀರೆಯನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿದರೆ ಸುಮಾರು 1.8 ಮೀಟರ್ ಉದ್ದ, 1.15 ಮೀಟರ್ ಅಗಲದ ಮೂರು ಪದರ ಸಿಗುತ್ತದೆ. ಒಬ್ಬರು ಹೊದೆಯುವ ಕೌದಿಗೆ ಇದು ಸರಿಯಾದ ಅಳತೆ. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಒಂದು ಬೆರಳಿನ ಅಂತರ, ಅಂದರೆ ಎರಡು ಸೆಂಟಿಮೀಟರ್, ಬಿಟ್ಟರೆ 57 ಸಾಲು ಬೇಕು. ಒಟ್ಟು ಹೊಲಿಗೆಯ ಉದ್ದ ನೂರು ಮೀಟರಿಗೆ ಮೇಲಾಯಿತು. ಸೆಂಟಿಮೀಟರಿಗೆ ಒಂದರಂತೆ ಹಿಡಿದರೂ ಹತ್ತು ಸಾವಿರ ಹೊಲಿಗೆ. ಪಳಗಿದ ಕೈ ನಿಮಿಷಕ್ಕೆ ಹನ್ನೆರಡು ಹಾಕಿತೆನ್ನೋಣ. ಬರೀ ಸೂಜಿ ಆಡಿಸುವುದಕ್ಕೇ ಸುಮಾರು ಹದಿನಾಲ್ಕು ಗಂಟೆ ಬೇಕು.

ಇದರ ಮೇಲೆ ಬಟ್ಟೆ ಒಗೆದು ಒಣಗಿಸುವುದು, ಸವೆದ ಭಾಗ ಕತ್ತರಿಸಿ ತೆಗೆಯುವುದು, ತುಂಡುಗಳ ಬಣ್ಣ ಹೊಂದಿಸುವುದು, ಅಂಚು ಮಡಿಸುವುದು ಇವೆಲ್ಲ ಸೇರಬೇಕು. ಮೇಲೆ ಹೇಳಿದ ಸೋದರಿಯವರು ನಾವು ಕೇಳಿಕೊಂಡ ಮೇಲೆ ಮುಂದಿನ ಕೌದಿಗೆ ಗಂಟೆ ಬರೆದಿಟ್ಟರು. ಒಟ್ಟು ಇಪ್ಪತ್ತಾರು ಗಂಟೆ ಆಯಿತು. ತೋಟದ ಲೆಕ್ಕದಲ್ಲಿ ಹೇಳುವುದಾದರೆ ಮೂರು ಆಳಿಗೆ ಮೇಲೆ.

ಬೆಂಗಳೂರಿನ ಅಂಗಡಿಯೊಂದು ಆ ಕೌದಿಯನ್ನು ನೋಡಿ ಮೆಚ್ಚಿತು. ಹಳೆಯ ಸೀರೆ ತಾನೇ, ಬಂಡವಾಳವೇನಿಲ್ಲವಲ್ಲ ಎಂದು ಒಂದು ಆಳಿನ ಕೂಲಿಗೂ ಸಾಲದ ಬೆಲೆ ಹೇಳಿತು. ಕೊಡುವುದಿಲ್ಲ ಎಂದು ಅವರು ಮಡಿಸಿ ತಂದರು. ಗಂಟೆ ಬರೆದಿಟ್ಟ ಪುಸ್ತಕ ಕೈಯಲ್ಲಿದ್ದುದರಿಂದಲೇ ಹಾಗೆ ಹೇಳುವ ಧೈರ್ಯ ಬಂದಿತೆಂದು ಅವರೇ ನಮಗೆ ತಿಳಿಸಿದರು. ಬಟ್ಟೆ ಬಿಟ್ಟಿ ಇರಬಹುದು, ಕೈ ಬಿಟ್ಟಿಯಲ್ಲ.

ಸಿದ್ದಿಯರ ಕೌದಿ

ಮಹಡಿಯ ಮೇಲಿನ ಆ ಗುಂಪಿನಲ್ಲಿ ಯಲ್ಲಾಪುರದ ಕಡೆಯ ಅಡಿಕೆ ತೋಟದ ಮನೆಯವರೂ ಒಬ್ಬರಿದ್ದರು. ಅವರು ತಂದಿದ್ದ ಕೌದಿಯ ರೀತಿಯೇ ಬೇರೆ. ಸಾಲುಗಳು ನೇರವಾಗಿಲ್ಲದೆ ಅಂಚಿನಿಂದ ಹೊರಟು ಸುತ್ತು ಸುತ್ತಾಗಿ ನಡುವಿಗೆ ಬಂದು ಸೇರಿದ್ದವು. ಅದು ಸಿದ್ದಿ ಹೆಂಗಸರು ಹೊಲಿದ ಕೌದಿ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳ ಕಾಡಿನಂಚಿನಲ್ಲಿ ಸಿದ್ದಿ ಜನರಿದ್ದಾರೆ. ಇವರ ಪೂರ್ವಿಕರು ಆಫ್ರಿಕದವರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಇವರಲ್ಲಿ ಅನೇಕರು. 2003ರಲ್ಲಿ ಇವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರು ಇವರಲ್ಲಿದ್ದಾರೆ. ಕೌದಿಯನ್ನು ಮಾತ್ರ ಮೂರೂ ಮನೆಯವರು ಹೊಲಿಯುತ್ತಾರೆ. ಅದಕ್ಕೆ ಅವರು ಹೇಳುವ ಹೆಸರು ಕವಂದ.

ಇವರ ಕ್ರಮದಲ್ಲಿ ಮೊದಲು ಸೀರೆಯನ್ನು ತಳಕ್ಕೆ ಹಾಸಿ, ಒಂದು ಮೂಲೆಯಿಂದ ತುಂಡುಗಳನ್ನಿಟ್ಟು ಹೊಲಿಯಲು ಆರಂಭಿಸುತ್ತಾರೆ. ತುಂಡು ಜೋಡಿಸುವ ಹೊಲಿಗೆಯೂ ಪದರ ಬಿಗಿಯುವ ಹೊಲಿಗೆಯೂ ಒಂದೇ. ನಾಲ್ಕು ಮೂಲೆಗೂ ಮುಕ್ಕೋನವಾಗಿ ಮಡಿಸಿದ ಪುಟ್ಟ ತುಂಡು ಸಿಕ್ಕಿಸುತ್ತಾರೆ. ಅದನ್ನು ಫೂಲ, ಅಂದರೆ ಹೂ, ಎನ್ನುತ್ತಾರೆ. ಹೂವಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ಭಾವನೆ. ಕೂಸಿನ ಕೌದಿ ಚಿಕ್ಕದಾದರೂ ಬಣ್ಣದಲ್ಲಿ ಅದೇ ಹೆಚ್ಚಿನದು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಲಾ ಇತಿಹಾಸದ ಪ್ರಾಧ್ಯಾಪಕರಾಗಿದ್ದ ಹೆನ್ರಿ ಡ್ರೂವಲ್ ಎಂಬುವರು ಸಿದ್ದಿಯರ ನಡುವೆ ಅಧ್ಯಯನಕ್ಕೆ ಬಂದವರು ಈ ಕೌದಿಗಳಿಗೆ ಮನಸೋತರು. ಅವರ ನೆರವಿನಿಂದ 2004ರಲ್ಲಿ ಸಿದ್ದಿ ಹೆಂಗಸರದೇ ಒಂದು ಕೌದಿ ಸಹಕಾರ ಗುಂಪು ಆರಂಭವಾಯಿತು. 2011ರಲ್ಲಿ ಈ ಕೌದಿಗಳು ನ್ಯೂಯಾರ್ಕಿನ ಷಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನ ಕಂಡವು. ನಮ್ಮ ಕಡೆಯ ಗೋಡೆಯ ಹಗ್ಗದ ಮೇಲೆ ಜೋಲುತ್ತಿದ್ದುದು ಅಲ್ಲಿ ಚಿತ್ರಪಟದಂತೆ ಗೋಡೆಯ ಮೇಲೇರಿತು.

ಇಲ್ಲಿ ಸದಸ್ಯ ಬಾಂಧವರು ಗಮನಿಸಬೇಕಾದ ಮಾತು ಒಂದಿದೆ. ಆ ಸೀಮೆಯ ಅಡಿಕೆ ತೋಟಗಳಲ್ಲಿ ದುಡಿಯುವವರಲ್ಲಿ ಸಿದ್ದಿ ಹೆಂಗಸರೂ ಸೇರಿದ್ದಾರೆ. ಹಗಲು ತೋಟದಲ್ಲಿ ಮಾಡಿದ ಕೆಲಸ ಹಾಜರಿ ಪುಸ್ತಕದಲ್ಲಿ ಏರುತ್ತದೆ. ಹಳೆಯ ಸೀರೆ ಕೊಟ್ಟು ಒಂದು ಕೌದಿ ಹೊಲಿದುಕೊಡು ಎಂದರೆ ಅದು ಯಾವ ಪುಸ್ತಕದಲ್ಲಿ ಏರಬೇಕು? ಎರಡು ಸೇರು ಅಕ್ಕಿ, ಒಂದಿಷ್ಟು ಕಾಯಿ ಕೊಟ್ಟು ಮುಗಿಸುವ ರೂಢಿ ಹಲವು ಕಡೆ ನಡೆದುಬಂದಿದೆ. ಮೇಲಿನ ಗಂಟೆಯ ಲೆಕ್ಕವನ್ನು ಎದುರಿಗಿಟ್ಟುಕೊಂಡರೆ ಆ ರೂಢಿ ನ್ಯಾಯವೇ ಎಂಬುದು ಯಾರಿಗಾದರೂ ತಿಳಿಯುತ್ತದೆ. ನಮ್ಮ ಮನೆಯಾಕೆಯ ಕೈಗೆ ಅಂಗಡಿಯವನು ಹೇಳಿದ ಬೆಲೆ ಕಡಿಮೆ ಎನಿಸಿದರೆ, ತೋಟಕ್ಕೆ ಬರುವಾಕೆಯ ಕೈಗೂ ಅದೇ ಅಳತೆಗೋಲು ಇರಬೇಕಲ್ಲವೇ?

ಅಲಬಾಮದ ಹೆಂಗಸರಿಂದ ಒಂದು ಪಾಠ

ಸಂಘ ಕಟ್ಟಿ ಕೌದಿ ಮಾರಿದ ಇನ್ನೊಂದು ಕಥೆ ಅಮೆರಿಕದ ಅಲಬಾಮ ರಾಜ್ಯದ್ದು. ಅಲ್ಲಿನ ವಿಲ್ಕಾಕ್ಸ್ ಕೌಂಟಿಯ ಕಪ್ಪು ಜನ ಹತ್ತಿ ಬೆಳೆಯುವ ಗೇಣಿದಾರರು. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದರೆಂಬ ಕಾರಣಕ್ಕೆ ಅನೇಕರನ್ನು ಭೂಮಿಯಿಂದ ಎಬ್ಬಿಸಿದರು. 1966ರಲ್ಲಿ ಆ ಹೆಂಗಸರು ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರ ಸಂಘ ಮಾಡಿಕೊಂಡು ಕೌದಿಗಳನ್ನು ನ್ಯೂಯಾರ್ಕಿಗೆ ಕಳಿಸಿದರು. ಬಂದ ಹಣದಲ್ಲಿ ಸಂಘ ಭೂಮಿ ಕೊಂಡಿತು. ಒಕ್ಕಲೆಬ್ಬಿಸಲ್ಪಟ್ಟ ಕೆಲವು ಕುಟುಂಬಗಳಿಗೆ ಅದರಲ್ಲೇ ನಿವೇಶನ ದೊರೆಯಿತು.

ಪಾಠದ ಇನ್ನೊಂದು ಮುಖವೂ ಇದೆ. ದೊಡ್ಡ ಅಂಗಡಿಗಳಿಂದ ಬೇಡಿಕೆ ಬಂದಾಗ ಒಂದೇ ಅಳತೆ, ಒಂದೇ ನಮೂನೆ ಬೇಕೆಂದರು. ಸಂಘಕ್ಕೆ ಕೆಲಸ ದೊರೆಯಿತಾದರೂ ಅವರವರ ಮನಸ್ಸಿನಂತೆ ತುಂಡು ಹೊಂದಿಸುವ ಸ್ವಾತಂತ್ರ್ಯ ಆ ಕೆಲಸದಲ್ಲಿ ಉಳಿಯಲಿಲ್ಲ. ಕೊನೆಗೆ ಸಂಘ 2012ರಲ್ಲಿ ಮುಚ್ಚಿತು. ಅದೇ ಸೀಮೆಯ ಜೀಸ್ ಬೆಂಡ್ ಹಳ್ಳಿಯ ಹೆಂಗಸರು ತಮ್ಮ ಮನೆಗೆಂದು ಮನಸ್ಸಿಗೆ ಬಂದಂತೆ ಹೊಲಿದಿಟ್ಟ ಹಳೆಯ ಕೌದಿಗಳು 2002ರಿಂದ ಆ ದೇಶದ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಪ್ರದರ್ಶನಗೊಂಡವು. 2006ರಲ್ಲಿ ಅಂಚೆ ಚೀಟಿಗಳ ಮೇಲೂ ಬಂದವು. ಮಾರುಕಟ್ಟೆಗೆ ಹೋಗುವವರು ಬೆಲೆಯ ಜೊತೆಗೆ ಈ ಮಾತನ್ನೂ ನೆನಪಿಡಬೇಕು. ನಮೂನೆಯನ್ನು ಪರರ ಕೈಗೆ ಕೊಟ್ಟ ಮೇಲೆ ಹವ್ಯಾಸ ಉಳಿಯದು, ಬರೀ ಗುತ್ತಿಗೆ ಕೆಲಸ ಉಳಿಯುತ್ತದೆ.

ಕೂಸಿನ ಬಟ್ಟೆ: ಕೆಲವು ಸೂಚನೆಗಳು

ಮಕ್ಕಳ ಬಟ್ಟೆ ಹೊಲಿಯಲು ಮನೆಯ ಕಾಲು ಮೆಷಿನ್ ಸಾಕು. ಯಂತ್ರಗಳ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದ ಗಾಂಧೀಜಿಯವರು ಸಹ 1924ರಲ್ಲಿ ಹೊಲಿಗೆ ಯಂತ್ರವೊಂದಕ್ಕೆ ವಿನಾಯಿತಿ ಕೊಟ್ಟು, ಅದು ನಿಜವಾಗಿ ಉಪಯುಕ್ತವಾದ ಕೆಲವೇ ವಸ್ತುಗಳಲ್ಲಿ ಒಂದೆಂದು ಹೊಗಳಿದ್ದರು. ಅನುಭವಿ ಸೋದರಿಯರಿಂದ ಕೇಳಿ ತಿಳಿದ ಅಂಶಗಳನ್ನು ಇಲ್ಲಿ ಕೊಟ್ಟಿದ್ದೇವೆ.

ಹತ್ತಿಯ ಬಟ್ಟೆಯನ್ನೇ ಆರಿಸಿರಿ. ಇಂದಿನ ಪಾಲಿಯೆಸ್ಟರ್ ಸೀರೆ ನೋಟಕ್ಕೆ ಚೆನ್ನ, ಬೆವರನ್ನೂ ಒದ್ದೆಯನ್ನೂ ಹೀರುವುದಿಲ್ಲ. ಹತ್ತಿಯೊಂದಿಗೆ ಬೆರೆಸಿದರೆ ಒಗೆದಾಗ ಹತ್ತಿ ಕುಗ್ಗಿ, ಇದು ಕುಗ್ಗದೆ, ಕೌದಿ ಮುದ್ದೆಗಟ್ಟುತ್ತದೆ. ಹೊಸ ತುಂಡನ್ನು ಕೂಡ ಒಮ್ಮೆ ಒಗೆದು, ಬಣ್ಣ ಬಿಡುವುದನ್ನು ಬೇರೆ ತೆಗೆದಿಟ್ಟು, ಆ ಮೇಲೆ ಕತ್ತರಿಸಬೇಕು.

ಕೂಸಿನ ಜಬಲಕ್ಕೆ ಗುಂಡಿ, ಹುಕ್ಕು, ಮಣಿ ಬೇಡ. ಮೈಗೆ ಒತ್ತದಂತೆ ಗಿಡ್ಡನೆಯ ಬಟ್ಟೆಯ ಲಾಡಿ ಇಡಿ. ಕತ್ತಿನ ಸುತ್ತ ಉದ್ದ ದಾರ ಬರಲೇಬಾರದು. ಒಳಹೊಲಿಗೆಯ ಒರಟು ಅಂಚು ಎಳೆ ಚರ್ಮಕ್ಕೆ ಉಜ್ಜದಂತೆ ಮಡಿಸಿ ಹೊಲಿಯಿರಿ. ಬಗಲಲ್ಲೂ ಅಂಚಿನಲ್ಲೂ ಎರಡು ಬೆರಳು ಬಟ್ಟೆ ಒಳಗೆ ಮಡಿಸಿಟ್ಟರೆ ಮೂರು ತಿಂಗಳ ಅಂಗಿ ಆರು ತಿಂಗಳಿಗೂ ಬರುತ್ತದೆ.

ಇನ್ನೊಂದು ಮುಖ್ಯ ವಿಷಯ. ವರ್ಷ ತುಂಬದ ಕೂಸು ಮಲಗಿ ನಿದ್ರಿಸುವಾಗ ಸಡಿಲವಾದ ಹೊದಿಕೆ, ದಪ್ಪ ಕೌದಿ, ಮೆತ್ತನೆಯ ದಿಂಬು ಹತ್ತಿರ ಇಡಬಾರದೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಮುಖದ ಮೇಲೆ ಸರಿದರೆ ಉಸಿರು ಕಟ್ಟುವ ಭಯ. ಆದುದರಿಂದ ಅಜ್ಜಿಯ ಕೌದಿಯನ್ನು ಎಚ್ಚರವಿರುವ ಕೂಸನ್ನು ಕಣ್ಣೆದುರು ಆಡಿಸಲು ನೆಲಕ್ಕೆ ಹಾಸಿರಿ. ಹೊದೆಯುವ ಕಾಲ ಆಮೇಲೆ ಬರುತ್ತದೆ. ಹೊಲಿದು ಮುಗಿದ ಮೇಲೆ ಸೂಜಿಗಳನ್ನು ಎಣಿಸಿ ಡಬ್ಬಿಗೆ ಹಾಕುವುದನ್ನು ಮರೆಯಬಾರದು.

ನಮ್ಮ ವಿನಂತಿ

ಮೊಮ್ಮಗುವಿಗೆ ಕೊಟ್ಟ ಕೌದಿಗೆ ಬೆಲೆ ಕಟ್ಟಬೇಕೆಂದು ನಾವು ಹೇಳುತ್ತಿಲ್ಲ. ಅದು ಕೊಡುಗೆ, ಅದಕ್ಕೆ ಬೆಲೆಯಿಲ್ಲ. ಮಾರುವ ಕೌದಿಗೆ ಮಾತ್ರ ಬೆಲೆಯಿರಬೇಕು, ಪರರಿಂದ ಹೊಲಿಸಿಕೊಂಡ ಕೌದಿಗೆ ಕೂಲಿಯಿರಬೇಕು. ಇವೆರಡನ್ನೂ ಗೊತ್ತುಮಾಡಲು ಗಂಟೆಯ ಲೆಕ್ಕಕ್ಕಿಂತ ಸುಲಭದ ದಾರಿ ನಮಗೆ ಕಾಣದು.

ಅಡಿಕೆ ಕೊಯ್ಲು, ಕಾಫಿ ಕೊಯ್ಲು ಮುಗಿದು ಮಳೆಗೆ ಇನ್ನೂ ದಿನವಿರುವ ಬೇಸಿಗೆ ಕೌದಿಗೆ ಒಳ್ಳೆಯ ಕಾಲ. ಬಿಸಿಲಿದೆ, ಕೈಗೆ ಬಿಡುವಿದೆ. ಈ ಬೇಸಿಗೆಯಲ್ಲಿ ಹೊಲಿಯುವ ಸೋದರಿಯರು ಒಂದು ಹಳೆಯ ನೋಟ್ ಪುಸ್ತಕದಲ್ಲಿ ದಿನಾಂಕ, ಗಂಟೆ, ದಾರದ ಖರ್ಚು ಇಷ್ಟನ್ನು ಬರೆದಿಡಲಿ. ಬೇರೆಯವರಿಂದ ಹೊಲಿಸುವ ಮನೆಯವರು ಆ ಗಂಟೆಯನ್ನು ತಮ್ಮ ತೋಟದ ಕೂಲಿಯ ದರದಲ್ಲೇ ಕಟ್ಟಿ ಕೊಡಲಿ. ಮಾರುವ ಇಚ್ಛೆಯುಳ್ಳವರು ಒಬ್ಬೊಬ್ಬರೇ ಅಂಗಡಿಯ ಬಾಗಿಲಿಗೆ ಹೋಗುವ ಬದಲು ನಾಲ್ಕು ಜನ ಕೂಡಿ ಒಂದು ದರ ಗೊತ್ತುಮಾಡಿಕೊಳ್ಳಲಿ. ಅಂತಹ ಪುಸ್ತಕಗಳನ್ನು ಸಂಘದ ಕಚೇರಿಗೆ ತಂದು ತೋರಿಸಿದರೆ ದರ ಕಟ್ಟುವ ಕೆಲಸದಲ್ಲಿ ನಾವು ಸಂತೋಷದಿಂದ ಜೊತೆಗೆ ಕುಳಿತುಕೊಳ್ಳುತ್ತೇವೆ.