ಅಲಾರಂಗೂ ಬೀಗಕ್ಕೂ ಗಂಟು ಹಾಕುವ ಮುನ್ನ
ಎಷ್ಟೋ ಕಾರುಗಳಿಗೆ ಸೆಂಟ್ರಲ್ ಲಾಕ್ ಕಾರ್ಖಾನೆಯಿಂದಲೇ ಬಂದಿರುತ್ತದೆ. ಅಲಾರಂ ಮಾತ್ರ ಅಂಗಡಿಯಿಂದ. ಎರಡನ್ನೂ ಒಂದೇ ರಿಮೋಟಿಗೆ ಒಗ್ಗಿಸುವುದು ಹೇಗೆ?

ಮೊದಲು ಬೀಗದ ಜಾತಿ ತಿಳಿಯಬೇಕು. ಕೆಲವು ಕಾರುಗಳಲ್ಲಿ ಸ್ವಿಚ್ಚಿನ ತಂತಿಗೆ ಕ್ಷಣಕಾಲ ಅರ್ಥ್ ತಾಗಿದರೆ ಬೀಗ ಬೀಳುತ್ತದೆ. ಕೆಲವಕ್ಕೆ 12 ವೋಲ್ಟ್ ಬೇಕು. ಇನ್ನು ಕೆಲವದರಲ್ಲಿ ಸ್ವಿಚ್ಚೇ ನೇರವಾಗಿ ಮೋಟಾರಿನ ಧ್ರುವಗಳನ್ನು ಅದಲುಬದಲು ಮಾಡುತ್ತದೆ. ಅಲ್ಲಿ ಎರಡು ರಿಲೇ ಇಲ್ಲದೆ ಕೆಲಸ ಸಾಗದು.

ಬಣ್ಣ ನಂಬಿ ತಂತಿ ಕತ್ತರಿಸಿದರೆ ಕಂಟ್ರೋಲ್ ಯೂನಿಟ್ಟೇ ಸುಟ್ಟೀತು. ಮಲ್ಟಿಮೀಟರ್ ಹಿಡಿದು ಅಳೆಯುವುದೇ ಸರಿ. ಹಳದಿ ಕವಚದ ಏರ್‌ಬ್ಯಾಗ್ ತಂತಿಗಳ ಗೊಡವೆ ಬೇಡವೇ ಬೇಡ. ಬ್ಯಾಟರಿಯಿಂದ ಅಲಾರಂಗೆ ಬರುವ ತಂತಿಗೆ ಫ್ಯೂಸ್ ಇಲ್ಲದಿದ್ದರೆ ಒಂದು ಶಾರ್ಟ್ ಸರ್ಕ್ಯೂಟ್ ಸಾಕು, ಕಳ್ಳ ಒಯ್ಯದ ಕಾರನ್ನು ಬೆಂಕಿ ಒಯ್ದೀತು.

ಮೊದಲ ಪರೀಕ್ಷೆಯ ಹೊತ್ತಿಗೆ ಕಿಟಕಿಯ ಗಾಜು ಇಳಿಸಿಡಿ. ಬೀಗದ ಕೈ ಜೇಬಿನಲ್ಲಿರಲಿ.