ಮನೆಯ ಬೆಲೆಯೂ ಮನೆಮಾತೂ

ತಾಯ್ನುಡಿಯನ್ನು ನಮ್ಮವರು 'ಮನೆಮಾತು' ಎಂದು ಕರೆದಿರುವರು. ಈ ಹೆಸರು ಎಷ್ಟು ಸಾರ್ಥಕವೆಂಬುದನ್ನು ಬ್ರಿಟನ್ನಿನ ವೇಲ್ಸ್ ನಾಡಿನ ವಾಯವ್ಯ ತೀರದಲ್ಲಿ ಪ್ರತ್ಯಕ್ಷವಾಗಿ ಕಾಣಬಹುದು. ಅಲ್ಲಿ ಮನೆಯ ಬೆಲೆ ಏರಿದಂತೆಲ್ಲ ಮನೆಮಾತಿಗೆ ನೆಲೆ ತಪ್ಪುತ್ತಿರುವುದು.

ಆ ತೀರದ ಹಿರಿಯ ಪಟ್ಟಣ ಕೈರ್ನಾರ್ವೊನ್. 'ಕೈರ್' ಎಂದರೆ ಕೋಟೆ. 'ಆರ್ವೊನ್' ಎಂದರೆ ಮೋನ್ ದ್ವೀಪಕ್ಕೆ ಎದುರಾದ ನಾಡು. ವೇಲ್ಸನ್ನು ಗೆದ್ದ ಒಂದನೆಯ ಎಡ್ವರ್ಡ್ ದೊರೆಯು ೧೨೮೩ರಲ್ಲಿ ಮೆನಾಯ್ ಜಲಸಂಧಿಯ ದಡದಲ್ಲಿ ಈ ಕೋಟೆಯನ್ನು ಕಟ್ಟಲಾರಂಭಿಸಿ, ಅದಕ್ಕೆ ಸೇರಿದ ಪಟ್ಟಣದಲ್ಲಿ ಆಂಗ್ಲರನ್ನು ನೆಲೆಗೊಳಿಸಿದನು. ಆದರೆ ಕಾಲಗತಿ ವಿಚಿತ್ರವಾದುದು. ವೇಲ್ಸ್ ಜನರನ್ನು ಅಡಗಿಸಲೆಂದು ಹುಟ್ಟಿದ ಪಟ್ಟಣವೇ ಇಂದು ಅವರ ಭಾಷೆಯ ದೊಡ್ಡ ಆಶ್ರಯವಾಗಿದೆ. ಅಂಗಡಿಯಲ್ಲಿ, ಬೀದಿಯಲ್ಲಿ, ಮಕ್ಕಳ ಆಟದಲ್ಲಿ ಅದೇ ನುಡಿ. ಹಿಂದೆ ಗಣಿಯ ಕಪ್ಪುಹಲಗೆಕಲ್ಲನ್ನು ಹಡಗಿಗೇರಿಸುತ್ತಿದ್ದ ದಕ್ಕೆಯ ಬಳಿ ಈಗ ವಿಹಾರದ ದೋಣಿಗಳು ನಿಲ್ಲುವುವು.

ಈ ಭಾಷೆಯು ನಮಗೆ ತೀರ ಅಪರಿಚಿತವೂ ಅಲ್ಲ. ಅದರ 'ತ್ರಿ', 'ನವ್', 'ದೇಗ್' ಎಂಬ ಎಣಿಕೆಗಳು ಸಂಸ್ಕೃತದ ತ್ರಿ, ನವ, ದಶಗಳ ಬಂಧುಗಳು. ೧೭೮೬ರಲ್ಲಿ ಕಲ್ಕತ್ತೆಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಸಂಬಂಧವನ್ನು ಸಾರಿ, ಕೆಲ್ಟಿಕ್ ನುಡಿಗಳನ್ನೂ ಅದೇ ವಂಶಕ್ಕೆ ಸೇರಿಸಿದ ಸರ್ ವಿಲಿಯಂ ಜೋನ್ಸರ ತಂದೆ, ಎದುರಿನ ಆ ಮೋನ್ ದ್ವೀಪದಲ್ಲಿಯೇ ಹುಟ್ಟಿದವರು.

ಕೈರ್ನಾರ್ವೊನ್ ಸೇರಿರುವ ಗ್ವಿನೆದ್ ಪ್ರಾಂತದಲ್ಲಿ ೨೦೧೧ರ ಜನಗಣತಿಯಲ್ಲಿ ನೂರಕ್ಕೆ ೬೫.೪ ಮಂದಿ ಈ ಭಾಷೆಯನ್ನು ಬಲ್ಲವರಾಗಿದ್ದರು, ೨೦೨೧ರಲ್ಲಿ ೬೪.೪. ವೇಲ್ಸಿನಲ್ಲೆಲ್ಲ ಲೆಕ್ಕ ಹಾಕಿದರೆ ಕೇವಲ ೧೭.೮. ಆದುದರಿಂದ ಈ ಪ್ರಾಂತದಲ್ಲಿ ಒಂದು ಮನೆ ಕೈತಪ್ಪಿದರೂ ಭಾಷೆಗೆ ಅದು ಬಲು ದೊಡ್ಡ ನಷ್ಟ.

ಮನೆ ಕೈತಪ್ಪುವ ಬಗೆ ಹೀಗೆ. ಗಣಿಗಳು ಕುಗ್ಗಿದ ಮೇಲೆ ಪ್ರವಾಸಿಗರ ಸೇವೆಯೇ ಅಲ್ಲಿನ ಅನೇಕ ತರುಣರ ಜೀವನೋಪಾಯ. ಸಂಬಳ ಸ್ವಲ್ಪ, ಅದೂ ಬಹುತೇಕ ಬೇಸಗೆಗೆ ಮಾತ್ರ. ಇತ್ತ ಸಿರಿವಂತ ನಗರಗಳಿಂದ ರಜೆಯ ವಾಸಕ್ಕೆಂದು ಎರಡನೆಯ ಮನೆಯನ್ನು ಅರಸಿ ಬರುವವರ ಕೈಯಲ್ಲಿ ಹಣವುಂಟು. ಮುಪ್ಪಿನಲ್ಲಿರುವ ಅಜ್ಜಿಯೊಬ್ಬಳು ಒಳ್ಳೆಯ ಬೆಲೆಗೆ ಮನೆಯನ್ನು ಮಾರಿದರೆ ತಪ್ಪೆನ್ನುವವರಾರು? ಆದರೆ ಆ ಒಂದು ಕ್ರಯವೇ ಬೀದಿಯ ಉಳಿದ ಮನೆಗಳಿಗೂ ಅಳತೆಗೋಲಾಗುವುದು. ಕೊನೆಗೆ ಅವಳ ಮೊಮ್ಮಗನಿಗೇ ಆ ಬೀದಿಯಲ್ಲಿ ಮನೆ ಕೊಳ್ಳುವುದು ಅಸಾಧ್ಯವಾಗುವುದು.

ಇದರ ಪರಿಣಾಮವು ಪ್ರಾಂತದ ಪಶ್ಚಿಮದ ಕಡಲೂರಾದ ಅಬೆರ್ಸೋಖ್‌ನಲ್ಲಿ ಕಣ್ಣಿಗೆ ಕಟ್ಟುವಂತಿದೆ. ಬೇಸಗೆಯಲ್ಲಿ ಅಲ್ಲಿ ಜನಜಂಗುಳಿ. ಚಳಿಗಾಲದಲ್ಲಿ ಎಷ್ಟೋ ಕಿಟಕಿಗಳಲ್ಲಿ ಬೆಳಕಿಲ್ಲ. ಮಕ್ಕಳ ಸಂಖ್ಯೆ ಕ್ಷೀಣಿಸಿದ್ದರಿಂದ ೨೦೨೧ರ ಕೊನೆಗೆ ಊರಿನ ಪ್ರಾಥಮಿಕ ಶಾಲೆಯೇ ಮುಚ್ಚಿತು. ಪಾಠ ಹೇಳಿ ಬಾಳಿದ ನನ್ನಂಥವನಿಗೆ ಇದಕ್ಕಿಂತ ಶೋಚನೀಯವಾದ ಸುದ್ದಿ ಇನ್ನೊಂದಿಲ್ಲ.

ಅಲ್ಲಿನ ಜನರು ಸುಮ್ಮನೆ ಕುಳಿತಿಲ್ಲ. ೧೯೭೯ರಿಂದ ಹಲವು ವರ್ಷ ಕೆಲವರು ಗುಪ್ತವಾಗಿ ರಜೆಯ ಮನೆಗಳಿಗೆ ಬೆಂಕಿಯಿಟ್ಟರು. ಆ ಮಾರ್ಗವು ಖಂಡನೀಯ, ನಿಷ್ಫಲವೂ ಹೌದು. ಪ್ರಾಂತದ ಆಡಳಿತ ಸಭೆಯು ೨೦೨೩ರ ಏಪ್ರಿಲ್‌ನಿಂದ ಎರಡನೆಯ ಮನೆಗಳ ಮೇಲೆ ವಾಡಿಕೆಯ ತೆರಿಗೆಯಲ್ಲದೆ ಅದರ ಒಂದೂವರೆಯಷ್ಟು ಹೆಚ್ಚಿನ ತೆರಿಗೆಯನ್ನು ವಿಧಿಸಿತು. ವಾಸದ ಮನೆಯನ್ನು ರಜೆಯ ಮನೆಯಾಗಿ ಮಾರ್ಪಡಿಸಲು ಅನುಮತಿ ಬೇಕೆಂಬ ನಿಯಮವನ್ನು ೨೦೨೪ರ ಸೆಪ್ಟೆಂಬರಿನಲ್ಲಿ ತಂದಿತು. ಆ ನಿಯಮವು ನ್ಯಾಯಸ್ಥಾನದ ಮೆಟ್ಟಿಲನ್ನೂ ಏರಿತು. ಕೈರ್ನಾರ್ವೊನ್‌ನ ಕೆಲವರು ೧೯೯೨ರಲ್ಲಿಯೇ ಒಂದು ಸಂಸ್ಥೆಯನ್ನು ಕಟ್ಟಿ, ಪಾಳುಬಿದ್ದಿದ್ದ ಕಟ್ಟಡಗಳನ್ನು ಜೀರ್ಣೋದ್ಧಾರ ಮಾಡಿಸತೊಡಗಿದರು. ಹೊರಗಿನವರಿಗೆ ಅಲ್ಲಿ ಬಾಗಿಲು ಮುಚ್ಚಿಲ್ಲವೆಂಬುದೂ ಗಮನಾರ್ಹ. ಜನರು ತೊರೆದಿದ್ದ ನಾಂಟ್ ಗುರ್ಥೈರ್ನ್ ಎಂಬ ಗಣಿಹಳ್ಳಿಯನ್ನು ೧೯೭೮ರಲ್ಲಿ ಒಂದು ಧರ್ಮಸಂಸ್ಥೆ ಕೊಂಡುಕೊಂಡಿತು. ಈಗ ಅಲ್ಲಿ ವಯಸ್ಕರು ಬಂದು ತಂಗಿ ವೇಲ್ಸ್ ನುಡಿಯನ್ನು ಕಲಿಯುವರು.

ಈ ನುಡಿಗೆ ೧೫೮೮ರಿಂದ ಪೂರ್ಣ ಬೈಬಲ್ ಉಂಟು. ೧೯೮೨ರಿಂದ ಸ್ವಂತ ದೂರದರ್ಶನ ವಾಹಿನಿ ಉಂಟು. ೨೦೧೧ರ ಕಾನೂನಿನಿಂದ ಅಧಿಕೃತ ಭಾಷೆಯ ಪದವಿಯೂ ಉಂಟು. ಇವೆಲ್ಲವೂ ಬೇಕಾದುವೇ. ಆದರೆ ಮಗುವು ಮೊದಲ ಮಾತನ್ನು ಕಲಿಯುವುದು ಒಲೆಯ ಮುಂದೆ, ತಾಯಿಯ ಮಡಿಲಲ್ಲಿ. ಆ ತಾಯಿಗೆ ತನ್ನ ಊರಿನಲ್ಲಿ ಸೂರೊಂದು ದೊರೆತರೆ ಮಿಕ್ಕುದನ್ನು ಭಾಷೆಯು ತಾನಾಗಿಯೇ ನೋಡಿಕೊಳ್ಳುವುದು.